ರಾತ್ರಿ ಪಾಳಿಯ ಹುಡುಗನ ಹೆಗಲಿಂದ ಹಣದ ಚೀಲ ಇಳಿಸಿ: ಪೆಟ್ರೋಲ್ ಬಂಕ್ ಸುಲಿಗೆಗಳ ಕುರಿತು ಒಂದು ಬಹಿರಂಗ ಪತ್ರ

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ದಾವಣಗೆರೆಯಲ್ಲಿರುವ ಪೂರ್ವ ವಲಯದ ಪೊಲೀಸ್ ಮಹಾನಿರೀಕ್ಷಕರಿಗೆ, ತೈಲ ಕಂಪನಿಗಳ ಈ ಭಾಗದ ಮಾರಾಟ ಅಧಿಕಾರಿಗಳಿಗೆ, ಮತ್ತು ಎರಡೂ ಜಿಲ್ಲೆಗಳ ಪೆಟ್ರೋಲ್ ಬಂಕ್ ಮಾಲೀಕರಿಗೆ.

ವಿಷಯ: ಹೆದ್ದಾರಿ ಬದಿಯ ಪೆಟ್ರೋಲ್ ಬಂಕುಗಳಲ್ಲಿ ರಾತ್ರಿ ಸುಲಿಗೆ ತಡೆಯುವ ಬಗ್ಗೆ.

ಮಾನ್ಯರೇ,

ಹಿರಿಯೂರಿಗೂ ಹರಿಹರಕ್ಕೂ ನಡುವಿನ ಹೆದ್ದಾರಿಯಲ್ಲಿ, ಬೇರೆ ಬೇರೆ ಮೂರು ಬಂಕುಗಳಲ್ಲಿ, ನಾನು ಒಟ್ಟು ಇಪ್ಪತ್ತಾರು ವರ್ಷ ದುಡಿದಿದ್ದೇನೆ. ಮೊದಲು ಚಕ್ರಗಳಿಗೆ ಗಾಳಿ ತುಂಬುವವನಾಗಿ, ಆಮೇಲೆ ಪೆಟ್ರೋಲ್ ಹಾಕುವವನಾಗಿ, ಅನಂತರ ಕ್ಯಾಷಿಯರ್ ಆಗಿ, ಕೊನೆಯ ಒಂಬತ್ತು ವರ್ಷ ಮ್ಯಾನೇಜರ್ ಆಗಿ. ನಾನು ಕೆಲಸಕ್ಕೆ ಸೇರಿದಾಗ ಎನ್‌ಎಚ್ 4 ಎನ್ನುತ್ತಿದ್ದ ರಸ್ತೆಗೆ ಈಗ ಎನ್‌ಎಚ್ 48 ಎಂಬ ಹೆಸರು ಬಂದಿದೆ, ರಸ್ತೆ ಅಗಲವಾಗಿದೆ, ಕೈಯಲ್ಲಿ ಬರೆಯುತ್ತಿದ್ದ ರಸೀದಿ ಹೋಗಿ ಯಂತ್ರವೇ ಚೀಟಿ ಕೊಡುತ್ತದೆ. ಆದರೆ ರಾತ್ರಿ ಎರಡೂವರೆ ಹೊತ್ತಿನಲ್ಲಿ ಹೆಗಲಿಗೆ ಹಣದ ಚೀಲ ಹಾಕಿಕೊಂಡು ಪಂಪಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುವ ಹುಡುಗ ಮಾತ್ರ ಅಂದು ಇದ್ದಂತೆಯೇ ಇದ್ದಾನೆ. ಈ ಪತ್ರ ಅವನ ಹೆಗಲಿನ ಚೀಲದ ಕುರಿತದ್ದು.

ಎಲ್ಲಾದರೂ ಒಂದು ಬಂಕಿನಲ್ಲಿ ಸುಲಿಗೆಯಾದರೆ ಕೂಡಲೇ ಮಾತು ಮೂರು ಕಡೆ ಹೊರಳುತ್ತದೆ: ಇನ್ನಷ್ಟು ಕ್ಯಾಮೆರಾ, ಇನ್ನಷ್ಟು ಗಸ್ತು, ಮಾಲೀಕರಿಗೆ ಬಂದೂಕಿನ ಲೈಸೆನ್ಸು. ಇವುಗಳಲ್ಲಿ ಮೊದಲ ಎರಡು ಬೇಕಾದವೇ, ಮೂರನೆಯದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ಕಳ್ಳ ಯಾಕೆ ಬರುತ್ತಾನೆ ಎಂಬುದನ್ನು ಬಿಟ್ಟು, ಬಂದ ಮೇಲೆ ಅವನನ್ನು ಹಿಡಿಯುವುದು ಹೇಗೆ ಎಂಬುದನ್ನಷ್ಟೇ ನಾವು ಯೋಚಿಸುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಊರಾಚೆ, ನಿರ್ಜನ ಹೊತ್ತಿನಲ್ಲಿ, ಒಂದಿಬ್ಬರೇ ಇರುವ ಕಡೆ, ಮೈಮೇಲೆ ನಗದು ಇಟ್ಟುಕೊಂಡೇ ನಿಲ್ಲಬೇಕಾದ ಉದ್ಯೋಗ ಬಂಕಿನದು. ಆ ನಗದು ಅಲ್ಲಿ ಇಲ್ಲ, ಇದ್ದರೂ ಕೈಗೆ ಸಿಗುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಾದರೆ ಅರ್ಧಕ್ಕರ್ಧ ಸಮಸ್ಯೆ ಅಲ್ಲಿಗೇ ನಿಲ್ಲುತ್ತದೆ.

ಇಷ್ಟು ಖಚಿತವಾಗಿ ಹೇಳಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು ಮ್ಯಾನೇಜರ್ ಆಗಿದ್ದ ಬಂಕಿಗೆ ಒಂದು ರಾತ್ರಿ ಎರಡು ಬೈಕುಗಳಲ್ಲಿ ಮೂವರು ಬಂದರು. ಮೊದಲ ಬೈಕಿನವನು ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ ಐನೂರರ ನೋಟು ಕೊಟ್ಟ. ಚಿಲ್ಲರೆ ಕೊಡಲು ಹುಡುಗ ಚೀಲದ ಬಾಯಿ ತೆರೆದಾಗ ಒಳಗೆ ಎಷ್ಟಿದೆ ಎಂಬುದು ದೀಪದ ಬೆಳಕಿನಲ್ಲಿ ಅವರಿಗೆ ಕಂಡಿತು. ಎರಡನೇ ಬೈಕಿನವನು ಮಚ್ಚು ತೆಗೆದ. ಹುಡುಗ ಚೀಲ ಬಿಡಲಿಲ್ಲ. ಮಚ್ಚಿನ ಹಿಂಬದಿಯಿಂದ ಬಿದ್ದ ಏಟಿಗೆ ಅವನ ಎಡ ಮುಂಗೈ ಮೂಳೆ ಮುರಿಯಿತು. ಎಲ್ಲ ಮುಗಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಹೋದದ್ದು ಮೂವತ್ತೆಂಟು ಸಾವಿರ ರೂಪಾಯಿ.

ಆಸ್ಪತ್ರೆಯಲ್ಲಿ ನಾನು ಅವನಿಗೆ ಬೈದೆ. ಹಣ ಹೋದರೆ ಹೋಗಲಿ, ಚೀಲ ಬಿಟ್ಟುಬಿಡುವುದಲ್ಲವೇ ಎಂದೆ. ಅವನು ಹೇಳಿದ ಮಾತು ಹೀಗಿತ್ತು: "ಹೋದ ತಿಂಗ್ಳು ಆರ್ನೂರು ರೂಪಾಯಿ ಶಾರ್ಟ್ ಬಂದಿದ್ದಕ್ಕೆ ಸಂಬಳದಾಗೆ ಹಿಡ್ಕಂಡ್ರಲ್ಲ ಸಾರ್. ಇದು ಮೂವತ್ತೆಂಟು ಸಾವ್ರ. ಎಷ್ಟು ತಿಂಗ್ಳು ಹಿಡೀತಾರೋ ಅಂತ ಭಯ ಆಯ್ತು, ಬಿಡಕ್ಕೆ ಆಗ್ಲಿಲ್ಲ." ಆ ಆರುನೂರು ರೂಪಾಯಿಯ ಕಡಿತವನ್ನು ಸಂಬಳದ ಪುಸ್ತಕದಲ್ಲಿ ಬರೆದದ್ದು ನನ್ನದೇ ಕೈ. ಮಚ್ಚಿಗಿಂತ ನನ್ನ ಪೆನ್ನಿಗೆ ಅವನು ಹೆಚ್ಚು ಹೆದರಿದ್ದ ಎಂಬುದು ಅಂದು ನನಗೆ ಅರ್ಥವಾಯಿತು.

ಆದ್ದರಿಂದ ಮಾಲೀಕರಿಗೆ ನನ್ನ ಮೊದಲ ಮನವಿ ಕ್ಯಾಮೆರಾದ ಕುರಿತಲ್ಲ, ಸಂಬಳದ ಪುಸ್ತಕದ ಕುರಿತು. ಕೆಲಸಗಾರನ ಸ್ವಂತ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ನಷ್ಟವಾಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು ಎಂಬ ನಿಯಮ 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಇದೆ. ಮಚ್ಚು ತೋರಿಸಿ ಕಿತ್ತುಕೊಂಡ ಹಣ ಯಾವ ಅರ್ಥದಲ್ಲೂ ಕೆಲಸಗಾರನ ನಿರ್ಲಕ್ಷ್ಯವಲ್ಲ. ಸುಲಿಗೆಯಲ್ಲಿ ಹೋದ ಒಂದು ರೂಪಾಯಿಯನ್ನೂ ನಿಮ್ಮಿಂದ ಹಿಡಿಯುವುದಿಲ್ಲ, ಎದುರಾಳಿಯ ಕೈಯಲ್ಲಿ ಆಯುಧ ಕಂಡರೆ ಚೀಲ ಕೊಟ್ಟು ಹಿಂದೆ ಸರಿಯಿರಿ, ಅಟ್ಟಿಸಿಕೊಂಡು ಹೋಗಬೇಡಿ, ಮುಖ ನೆನಪಿಟ್ಟುಕೊಳ್ಳಿ ಎಂದು ಪ್ರತಿ ಬಂಕಿನಲ್ಲೂ ಕನ್ನಡದಲ್ಲಿ ಬರೆದು, ಮಾಲೀಕರು ಸಹಿ ಹಾಕಿ, ಹುಡುಗರು ಊಟ ಮಾಡುವ ಕೋಣೆಯ ಗೋಡೆಗೆ ಅಂಟಿಸಬೇಕು. ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬಾಯಿಮಾತನ್ನು ನಂಬುವಷ್ಟು ಒಳ್ಳೆಯ ಅನುಭವ ಆ ಹುಡುಗರಿಗೆ ನಮ್ಮಿಂದ ಆಗಿಲ್ಲ.

ಇನ್ನು ಅಷ್ಟೊಂದು ನಗದು ಬಂಕಿನಲ್ಲಿ ಯಾಕೆ ಉಳಿಯುತ್ತದೆ ಎಂಬ ವಿಚಾರ. ಹೊರಗಿನವರಿಗೆ ಇದು ತಿಳಿದಿರುವುದಿಲ್ಲ. ಬಂಕಿನವರು ಕಂಪನಿಗೆ ಮುಂಚಿತವಾಗಿ ಹಣ ಕಟ್ಟಿದರೆ ಮಾತ್ರ ಲೋಡು ಬರುತ್ತದೆ. ಲೀಟರಿಗೆ ತೊಂಬತ್ತು ರೂಪಾಯಿಯ ಆಸುಪಾಸಿನ ಡೀಸೆಲ್ಲನ್ನು 12,000 ಲೀಟರಿನ ಒಂದು ಟ್ಯಾಂಕರ್ ತರಿಸಬೇಕೆಂದರೆ ಹತ್ತು ಲಕ್ಷಕ್ಕೂ ಹೆಚ್ಚು ಹಣ ಖಾತೆಯಲ್ಲಿರಬೇಕು. 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ ನಡೆಯುತ್ತದೆ, ಅಂದರೆ ಖಾತೆಯಿಂದ ಕಂಪನಿಗೆ ಹಣ ನಡುರಾತ್ರಿಯಲ್ಲೂ ಹೋಗಬಹುದು. ಆದರೆ ಕೈಯಲ್ಲಿರುವ ನೋಟು ಖಾತೆಗೆ ಸೇರಬೇಕಾದರೆ ಬ್ಯಾಂಕಿನ ಬಾಗಿಲು ತೆರೆದಿರಬೇಕು, ಇಲ್ಲವೇ ನಗದು ಜಮೆ ಯಂತ್ರದಲ್ಲಿ ಜಾಗವಿರಬೇಕು. ಭಾನುವಾರ ರಜೆ, ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಅವುಗಳ ಹಿಂದೆ ಮುಂದೆ ಒಂದು ಹಬ್ಬ ಬಿದ್ದರೆ ಮೂರು ನಾಲ್ಕು ದಿನದ ಕಲೆಕ್ಷನ್ ಬಂಕಿನ ಬೀರುವಿನಲ್ಲೇ ಕೂತಿರುತ್ತದೆ. ಅದರ ಮೇಲೆ ಸುಗ್ಗಿಯ ಕಾಲ ಬೇರೆ. ದಾವಣಗೆರೆ ಕಡೆಯ ಮೆಕ್ಕೆಜೋಳ, ನಮ್ಮ ಕಡೆಯ ಈರುಳ್ಳಿ ಶೇಂಗಾ ಮಾರಿಕೊಂಡು ಬರುವ ರೈತರು ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿ ನಗದನ್ನೇ ಎಣಿಸಿ ಕೊಡುತ್ತಾರೆ. ಯಾವ ಸೋಮವಾರ ಬೆಳಿಗ್ಗೆ ಯಾವ ಬಂಕಿನಿಂದ ದಪ್ಪ ಚೀಲ ಬ್ಯಾಂಕಿಗೆ ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಲು ಕಳ್ಳನಿಗೆ ಒಂದು ಕ್ಯಾಲೆಂಡರ್ ಸಾಕು.

ಇದಕ್ಕೆ ಪರಿಹಾರ ನಮ್ಮೂರಿನ ದೇವಸ್ಥಾನಗಳಲ್ಲೇ ಇದೆ. ಹುಂಡಿಗೆ ಹಣ ಹಾಕಲು ಮೇಲೊಂದು ಸೀಳು ಇರುತ್ತದೆ, ಹಾಕಿದವನು ತೆಗೆಯಲು ಆಗುವುದಿಲ್ಲ, ಕೀಲಿ ಪೂಜಾರಿಯ ಬಳಿಯೂ ಇರುವುದಿಲ್ಲ. ಬಂಕಿನ ಒಳಕೋಣೆಯ ನೆಲಕ್ಕೆ ಕಾಂಕ್ರೀಟಿನಲ್ಲಿ ಕೂರಿಸಿದ ಅಂಥದೇ ಒಂದು ತಿಜೋರಿ ಇರಲಿ. ಚೀಲದಲ್ಲಿ ಐದು ಸಾವಿರ ದಾಟಿದ ಕೂಡಲೇ ಹುಡುಗ ನೋಟುಗಳನ್ನು ಲಕೋಟೆಗೆ ಹಾಕಿ, ಮೇಲೆ ಹೆಸರು ಮತ್ತು ಹೊತ್ತು ಬರೆದು, ಸೀಳಿನೊಳಗೆ ಬಿಡಲಿ. ಕೀಲಿ ಬೆಳಿಗ್ಗೆ ಬರುವ ಕ್ಯಾಷಿಯರ್ ಅಥವಾ ಮಾಲೀಕರ ಮನೆಯಲ್ಲಿರಲಿ. ಮುಖ್ಯವಾದ ಮಾತೆಂದರೆ, ರಾತ್ರಿ ಸಿಬ್ಬಂದಿಯ ಬಳಿ ತಿಜೋರಿಯ ಕೀಲಿ ಇರುವುದಿಲ್ಲ ಎಂದು ಪಂಪಿನ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬೋರ್ಡು ಹಾಕಬೇಕು. ತಿಜೋರಿ ಇರುವುದು ಕಳ್ಳನಿಗೆ ಗೊತ್ತಿಲ್ಲದಿದ್ದರೆ ಅವನು ಬಂದೇ ಬರುತ್ತಾನೆ, ಕೀಲಿ ಕೊಡು ಎಂದು ಹುಡುಗನನ್ನೇ ಹೊಡೆಯುತ್ತಾನೆ.

ಐದು ಸಾವಿರದ ಮಿತಿ ಆಗುವ ಮಾತಲ್ಲ ಎಂದು ಅನೇಕ ಮ್ಯಾನೇಜರುಗಳು ನನ್ನೊಡನೆ ವಾದಿಸಿದ್ದಾರೆ, ಮತ್ತು ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಒಂದು ಲಾರಿ ಬಂದು 200 ಲೀಟರ್ ಡೀಸೆಲ್ ಹಾಕಿಸಿದರೆ ಅದೊಂದರಿಂದಲೇ ಹದಿನೆಂಟು ಸಾವಿರ. ಪ್ರತಿ ಸಲ ಒಳಗೆ ಹೋಗಿ ಬರುವಷ್ಟರಲ್ಲಿ ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಾನೆ. ಆದರೆ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಅಂಥ ಸಾಲು ಎಷ್ಟು ಸಲ ಇರುತ್ತದೆ ಎಂದು ಅವರೇ ಎಣಿಸಿ ನೋಡಲಿ. ಲಾರಿಯ ನಗದನ್ನು ಚಾಲಕನ ಎದುರಿಗೇ ಲಕೋಟೆಗೆ ಹಾಕಿ ಸೀಳಿಗೆ ಬಿಡುವುದು ಒಂದು ನಿಮಿಷದ ಕೆಲಸ. ಆ ಆರು ಗಂಟೆಗಳ ಮಟ್ಟಿಗೆ ಎಲ್ಲ ಪಂಪುಗಳನ್ನೂ ತೆರೆದಿಡದೆ, ಕಚೇರಿಯ ಬಾಗಿಲಿಗೆ ಹತ್ತಿರವಿರುವ ಒಂದೋ ಎರಡೋ ಪಂಪಿನಲ್ಲಿ ಮಾತ್ರ ಮಾರಾಟ ಮಾಡಿ, ಉಳಿದವುಗಳಿಗೆ ಸರಪಳಿ ಹಾಕಿದರೆ ಹುಡುಗರು ಚದುರಿಹೋಗದೆ ಒಟ್ಟಿಗೆ ಇರುತ್ತಾರೆ. ರಾತ್ರಿ ಐನೂರರ ನೋಟಿಗೆ ನೂರರ ಪೆಟ್ರೋಲ್ ಹಾಕುವುದಿಲ್ಲ, ಚಿಲ್ಲರೆ ತನ್ನಿ ಅಥವಾ ಫೋನಿನಲ್ಲಿ ಕಟ್ಟಿ ಎಂದು ಹೇಳುವ ಧೈರ್ಯವನ್ನೂ ಮಾಲೀಕರು ಹುಡುಗರಿಗೆ ಕೊಡಬೇಕು. ನೂರು ರೂಪಾಯಿಯ ಒಂದು ವ್ಯಾಪಾರ ಹೋದರೆ ಹೋಯಿತು.

ಯುಪಿಐ ಬಂದ ಮೇಲೆ ನಗದು ತಗ್ಗಿರುವುದು ನಿಜ, ನನ್ನ ಕೊನೆಯ ವರ್ಷಗಳಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಒಂದು ಸಣ್ಣ ಮಾತು. ಬಂದ ಹಣವನ್ನು ಕೂಗಿ ಹೇಳುವ ಸೌಂಡ್ ಬಾಕ್ಸು ರಾತ್ರಿ ಒಂದು ರೀತಿಯ ಕಾವಲುಗಾರನೇ ಸರಿ. ಈ ಬಂಕಿನಲ್ಲಿ ಹಣವೆಲ್ಲ ಫೋನಿನಲ್ಲೇ ಬರುತ್ತಿದೆ ಎಂದು ಅದು ಕೇಳುವವರಿಗೆಲ್ಲ ಸಾರುತ್ತದೆ. ರಾತ್ರಿ ಅದರ ದನಿ ತಗ್ಗಿಸುವ ಹುಡುಗರಿಗೆ ನಾನು ಹಾಗೆ ಮಾಡಬೇಡಿರೆಂದು ಹೇಳುತ್ತಿದ್ದೆ.

ಮಾಲೀಕರ ಉಳಿತಾಯವೂ ಎಷ್ಟೋ ಸಲ ಕಳ್ಳನಿಗೆ ಅನುಕೂಲವಾಗುತ್ತದೆ. ಕರೆಂಟ್ ಬಿಲ್ಲು ಉಳಿಸಲೆಂದು ಹನ್ನೆರಡರ ಮೇಲೆ ಚಾವಣಿಯ ಅರ್ಧ ದೀಪ ಆರಿಸುತ್ತಾರೆ. ಕಚೇರಿಯ ಗಾಜಿನ ತುಂಬ ಆಯಿಲ್ ಜಾಹೀರಾತು, ಹಬ್ಬದ ಶುಭಾಶಯ, ನಾಯಕರ ಹುಟ್ಟುಹಬ್ಬದ ಪೋಸ್ಟರು ಅಂಟಿಸಿರುತ್ತಾರೆ. ಅದರಿಂದ ಒಳಗಿದ್ದವರಿಗೆ ಹೊರಗಿನದು ಕಾಣುವುದಿಲ್ಲ, ರಸ್ತೆಯಲ್ಲಿ ಹೋಗುವ ಗಸ್ತು ಜೀಪಿಗೆ ಒಳಗಿನದು ಕಾಣುವುದಿಲ್ಲ. ಒಳಗೆ ಏನು ನಡೆದರೂ ಕಾಣದಂಥ ಕೋಣೆಯನ್ನು ನಾವೇ ಕಟ್ಟಿಕೊಟ್ಟಂತಾಗುತ್ತದೆ. ಗಾಜು ಬರಿದಾಗಿರಲಿ, ದೀಪ ಪೂರ್ತಿ ಉರಿಯಲಿ, ಹಿಂಬದಿಯ ಶೌಚಾಲಯದ ದಾರಿಯಲ್ಲೂ ಒಂದು ದೀಪ ಇರಲಿ.

ಫೋನಿನ ವಿಚಾರ ಇನ್ನೂ ವಿಚಿತ್ರವಾದದ್ದು. ಪಂಪಿನ ಬಳಿ ಮೊಬೈಲ್ ಬಳಸಬಾರದೆಂಬ ಸುರಕ್ಷತಾ ನಿಯಮ ಸರಿಯಾದದ್ದೇ. ಅದನ್ನು ಪಾಲಿಸಲು, ಜೊತೆಗೆ ಹುಡುಗರು ರೀಲ್ಸ್ ನೋಡುತ್ತ ಕೂರಬಾರದೆಂದು, ಅನೇಕ ಬಂಕುಗಳಲ್ಲಿ ಪಾಳಿಯ ಆರಂಭದಲ್ಲೇ ಫೋನುಗಳನ್ನು ಪಡೆದು ಕಚೇರಿಯ ಡ್ರಾಯರಿನಲ್ಲಿ ಬೀಗ ಹಾಕಿಡುತ್ತಾರೆ. ನಮ್ಮಲ್ಲೂ ಹಾಗೆಯೇ ಇತ್ತು. ಹುಡುಗನ ಕೈ ಮುರಿದ ಆ ರಾತ್ರಿ 112ಕ್ಕೆ ಕರೆ ಹೋದದ್ದು ಹೆದ್ದಾರಿಯಲ್ಲಿ ಬಂದ ಒಬ್ಬ ಲಾರಿ ಚಾಲಕನ ಫೋನಿನಿಂದ. ಒಂದು ಹಳೆಯ ಸ್ಥಿರ ದೂರವಾಣಿಯಾಗಲಿ, ಕಚೇರಿಯ ಗೋಡೆಗೆ ಸರಪಳಿಯಲ್ಲಿ ಕಟ್ಟಿದ ಒಂದು ಬಟನ್ ಫೋನಾಗಲಿ, ಒತ್ತಿದರೆ ಮಾಲೀಕರಿಗೂ ಠಾಣೆಗೂ ಕರೆ ಹೋಗಿ ಹೊರಗೆ ಸೈರನ್ ಕೂಗುವ ಗುಂಡಿಯಾಗಲಿ, ಯಾವುದಾದರೂ ಒಂದು ಇರಲೇಬೇಕು. ಗುಂಡಿ ಇದ್ದರೆ ಒಂದು ಒಳಗೆ, ಒಂದು ಪಂಪಿನಿಂದ ದೂರದ ಕಂಬದಲ್ಲಿ ಇರಲಿ. ತಿಂಗಳಿಗೊಮ್ಮೆ ಒತ್ತಿ ನೋಡದಿದ್ದರೆ ಅದು ಬರೀ ಅಲಂಕಾರ.

ಕ್ಯಾಮೆರಾದ ಬಗ್ಗೆ ಹೇಳುವಾಗ 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ನಡೆದ ಬ್ಯಾಂಕ್ ಕಳವು ನೆನಪಾಗುತ್ತದೆ. 17 ಕಿಲೋಗೂ ಹೆಚ್ಚು ಚಿನ್ನ ಹೊತ್ತವರು ಹೋಗುವಾಗ ಸಿಸಿ ಕ್ಯಾಮೆರಾದ ಡಿವಿಆರ್ ಪೆಟ್ಟಿಗೆಯನ್ನೂ ಕಿತ್ತುಕೊಂಡು, ನಾಯಿಗೆ ವಾಸನೆ ಸಿಗದಂತೆ ಖಾರದ ಪುಡಿ ಎರಚಿ ಹೋಗಿದ್ದರು. ತಿಂಗಳುಗಟ್ಟಲೆ ಬೆನ್ನುಹತ್ತಿ 2025ರಲ್ಲಿ ಆ ಚಿನ್ನವನ್ನು ತಮಿಳುನಾಡಿನ ಬಾವಿಯೊಂದರಿಂದ ಹೊರತೆಗೆದ ದಾವಣಗೆರೆ ಪೊಲೀಸರ ಶ್ರಮ ಸಾಮಾನ್ಯದ್ದಲ್ಲ, ಅದನ್ನು ಇಲ್ಲಿ ನೆನೆಯುವುದು ನನ್ನ ಕರ್ತವ್ಯ. ಆದರೆ ಅದರಿಂದ ಬಂಕುಗಳು ಕಲಿಯಬೇಕಾದದ್ದು ಒಂದಿದೆ. ದೃಶ್ಯ ಸಂಗ್ರಹವಾಗುವ ಪೆಟ್ಟಿಗೆ ಕ್ಯಾಷಿಯರ್ ಮೇಜಿನ ಕೆಳಗೇ ಇದ್ದರೆ ಕ್ಯಾಮೆರಾ ಇದ್ದೂ ಇಲ್ಲದಂತೆ. ಅದು ಬೇರೊಂದು ಬೀಗದ ಕೋಣೆಯಲ್ಲಿರಬೇಕು, ಸಾಧ್ಯವಿದ್ದರೆ ಇನ್ನೊಂದು ಪ್ರತಿ ಇಂಟರ್‌ನೆಟ್ ಮೂಲಕ ಹೊರಗೆ ಉಳಿಯಬೇಕು. ಹೆಚ್ಚು ಜನ ಬಂದುಹೋಗುವ ಸಂಸ್ಥೆಗಳು ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಉಳಿಸಬೇಕೆಂದು 2017ರಲ್ಲಿ ನಮ್ಮ ರಾಜ್ಯವೇ ಸಾರ್ವಜನಿಕ ಸುರಕ್ಷತೆಯ ಕಾನೂನು ಮಾಡಿದೆ. ಕಾನೂನಿದೆ, ಕ್ಯಾಮೆರಾಗಳೂ ಇವೆ. ಅವು ಎತ್ತ ನೋಡುತ್ತಿವೆ ಎಂಬುದೇ ಪ್ರಶ್ನೆ. ನಮ್ಮ ಬಂಕಿನ ನಾಲ್ಕು ಕ್ಯಾಮೆರಾಗಳಲ್ಲಿ ಮೂರು ಹುಡುಗರು ಹಣ ಕದಿಯುತ್ತಾರೋ ಎಂದು ಕಾಯುತ್ತಿದ್ದವು, ಒಂದೇ ಒಂದು ರಸ್ತೆಯ ಕಡೆ ನೋಡುತ್ತಿತ್ತು, ಅದರ ಗಡಿಯಾರ ಮೂರು ಗಂಟೆ ಹಿಂದಿತ್ತು. ಒಳಬರುವ ಮತ್ತು ಹೊರಹೋಗುವ ದಾರಿಯಲ್ಲಿ ನಂಬರ್ ಪ್ಲೇಟಿನ ಎತ್ತರಕ್ಕೆ ಒಂದೊಂದು ಕ್ಯಾಮೆರಾ ಇಳಿಸಿ ಕಟ್ಟಿದರೆ ಮೇಲಿನ ಹತ್ತು ಕ್ಯಾಮೆರಾ ಮಾಡದ ಕೆಲಸವನ್ನು ಅವೆರಡೇ ಮಾಡುತ್ತವೆ.

ಬಂದೂಕಿನ ಲೈಸೆನ್ಸ್ ಕೇಳುವ ಮಾಲೀಕರಿಗೆ ಒಂದೇ ಪ್ರಶ್ನೆ. ಬೀಡಿ ಹಚ್ಚಬಾರದೆಂದು ನಾವೇ ಬೋರ್ಡು ಹಾಕಿದ, ಪೆಟ್ರೋಲ್ ಆವಿ ನೆಲದ ಮೇಲೆ ಹರಿದಾಡುವ ಅಂಗಳದಲ್ಲಿ ಗುಂಡು ಹಾರಿಸುವುದು ಯಾರು, ಎಲ್ಲಿಗೆ? ಕಾವಲುಗಾರ ಬೇಕೆಂದರೆ ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯಂತೆ ಪರವಾನಗಿ ಪಡೆದ ಸಂಸ್ಥೆಯಿಂದ, ತರಬೇತಿ ಪಡೆದವನನ್ನು ನೇಮಿಸಿ. ಹಗಲಿಡೀ ಹೊಲದಲ್ಲಿ ದುಡಿದು ರಾತ್ರಿ ಕೋಲೊಂದನ್ನು ಹಿಡಿದು ಬರುವ ಎಪ್ಪತ್ತರ ಅಜ್ಜನನ್ನು ಕಳ್ಳನ ಎದುರು ನಿಲ್ಲಿಸುವುದು ಭದ್ರತೆಯಲ್ಲ.

ನಮ್ಮ ದುರ್ಗದವರಿಗೆ ಓಬವ್ವನ ಕಥೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ಕಥೆಯಲ್ಲಿ ನಾವು ಒನಕೆಯನ್ನೇ ನೆನಪಿಟ್ಟುಕೊಂಡು ಕಾವಲುಗಾರನ ಊಟವನ್ನು ಮರೆತಿದ್ದೇವೆ. ಶತ್ರು ಕಿಂಡಿಯೊಳಗೆ ನುಸುಳಿದ್ದು ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ. ಬಂಕಿಗೂ ಅಂಥ ಹೊತ್ತುಗಳಿವೆ. 2017ರ ಜೂನ್ 16ರಿಂದ ದಿನನಿತ್ಯದ ದರ ಬೆಳಿಗ್ಗೆ 6ಕ್ಕೆ ಜಾರಿಯಾಗುವಂತಾದ ಮೇಲೆ ಪಾಳಿಯ ಬದಲಾವಣೆ, ಮೀಟರ್ ರೀಡಿಂಗ್, ಟ್ಯಾಂಕಿನ ಡಿಪ್, ಅಂದರೆ ಎಣ್ಣೆಯ ಮಟ್ಟ, ನೋಡುವುದು ಎಲ್ಲವೂ ಆ ಹೊತ್ತಿಗೇ ಬಂದು ಕೂತಿವೆ. ಐದೂವರೆಯಿಂದ ಆರೂವರೆಯವರೆಗೆ ರಾತ್ರಿಯ ಹಣವನ್ನು ಮೇಜಿನ ಮೇಲೆ ಹರಡಿ ಎಣಿಸುತ್ತಿರುತ್ತಾರೆ, ಬಾಗಿಲು ತೆರೆದಿರುತ್ತದೆ, ನಿದ್ದೆಗೆಟ್ಟ ಕಣ್ಣುಗಳು ಮನೆಯ ದಾರಿ ನೋಡುತ್ತಿರುತ್ತವೆ. ಎಣಿಕೆ ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ನಡೆಯಲಿ. ಚಳಿಗಾಲದಲ್ಲಿ ಐದೂವರೆ ಎಂದರೆ ಇನ್ನೂ ಕತ್ತಲೆ ಎಂಬುದನ್ನು ಗಸ್ತಿನವರೂ ಗಮನಿಸಲಿ. ಹೆಚ್ಚಿನ ಗಸ್ತು ನಾಲ್ಕರ ಹೊತ್ತಿಗೆ ಮುಗಿದಿರುತ್ತದೆ.

ಬ್ಯಾಂಕಿಗೆ ಹಣ ಒಯ್ಯುವ ದಾರಿಯ ಬಗ್ಗೆ ಇಲ್ಲಿ ಬಹಳ ಬರೆಯುವುದು ಕಳ್ಳನಿಗೆ ಪಾಠ ಹೇಳಿದಂತಾದೀತು. ಒಬ್ಬನೇ ಹೋಗಬಾರದು, ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಹೋಗಬಾರದು, ಬಂಕಿನ ಹೆಸರಿರುವ ಚೀಲ ಬೇಡ ಎಂದಷ್ಟೇ ಹೇಳುತ್ತೇನೆ. ಚುನಾವಣೆ ಕಾಲದಲ್ಲಿ 50,000 ರೂಪಾಯಿ ದಾಟಿದ ನಗದಿಗೆ ಚೆಕ್‌ಪೋಸ್ಟಿನವರು ದಾಖಲೆ ಕೇಳುತ್ತಾರಾದ್ದರಿಂದ ಹಿಂದಿನ ದಿನದ ಮಾರಾಟದ ಹಾಳೆ ಜೊತೆಯಲ್ಲಿರಲಿ. ನಡುರಸ್ತೆಯಲ್ಲಿ ಎಲ್ಲರೆದುರು ನೋಟು ಎಣಿಸಿ ತೋರಿಸುವ ಪ್ರಸಂಗವೇ ಒಂದು ಅಪಾಯ. ರಜೆಯ ಸಾಲು ಬಂದಾಗ ಹೆದ್ದಾರಿ ಊರುಗಳ ಶಾಖೆಗಳಲ್ಲಿ ನಗದು ಜಮೆ ಯಂತ್ರಗಳು ತುಂಬಿಹೋಗದಂತೆ ಬ್ಯಾಂಕುಗಳು ನೋಡಿಕೊಂಡರೆ ಅದೇ ದೊಡ್ಡ ಉಪಕಾರ.

ಇನ್ನು ಪೊಲೀಸ್ ಇಲಾಖೆಗೆ.

ಆ ರಾತ್ರಿ ನಾವು ಮೊದಲು ಹೋದ ಠಾಣೆಯಲ್ಲಿ ಸ್ಥಳ ನಮ್ಮ ಸರಹದ್ದಿಗೆ ಬರುವುದಿಲ್ಲ, ಪಕ್ಕದ ಠಾಣೆಗೆ ಹೋಗಿ ಎಂದರು. ಅಲ್ಲಿಗೆ ಹೋಗಿ ದೂರು ಬರೆಸುವ ಹೊತ್ತಿಗೆ ಬೆಳಗಾಗಿತ್ತು. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್, ಒಂದು ಬೈಕಿಗೆ ಗಂಟೆಯ ದಾರಿ. ಅಷ್ಟರಲ್ಲಿ ಅವರು ಯಾವ ಜಿಲ್ಲೆಯಲ್ಲಿದ್ದರೋ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅಪರಾಧ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎಂದು ಸ್ಪಷ್ಟವಾಗಿ ಹೇಳಿದೆ. ಫೋನು, ಮೇಲ್ ಮೂಲಕ ಕೊಟ್ಟರೂ ಆದೀತು, ಮೂರು ದಿನದೊಳಗೆ ಹೋಗಿ ಸಹಿ ಹಾಕಿದರೆ ಸಾಕು. ಈ ಮಾತು ರಾತ್ರಿ ಠಾಣೆಯ ಮೇಜಿನಲ್ಲಿ ಕೂರುವ ಸಿಬ್ಬಂದಿಗೆ ಮನದಟ್ಟಾಗುವಂತೆ ತಾವು ಆದೇಶಿಸಬೇಕು. ಭಾರತೀಯ ನ್ಯಾಯ ಸಂಹಿತೆಯ 309ನೇ ಕಲಂ ಸುಲಿಗೆಗೆ 10 ವರ್ಷದವರೆಗೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಹೆದ್ದಾರಿಯಲ್ಲಿ ನಡೆದರೆ 14 ವರ್ಷದವರೆಗೆ ಕಠಿಣ ಸಜೆ ಹೇಳುತ್ತದೆ. ಐವರು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿದರೆ ಅದು ದರೋಡೆ, 310ನೇ ಕಲಂ. ಬಂಕಿನ ಅಂಗಳ ಹೆದ್ದಾರಿ ಎನಿಸಿಕೊಳ್ಳುತ್ತದೆಯೇ ಎಂಬುದನ್ನು ವಕೀಲರು ವಾದಿಸಲಿ. ದೂರು ಬರೆದುಕೊಳ್ಳುವಾಗ ಮಚ್ಚು ತೋರಿಸಿದ್ದನ್ನು ಬಿಟ್ಟು ಬರೀ ಕಳವು ಎಂದು ಬರೆದುಕೊಂಡರೆ ಈ ಕಲಂಗಳಿಂದ ಯಾರಿಗೂ ಪ್ರಯೋಜನವಿಲ್ಲ.

ಗಸ್ತಿನ ವಿಚಾರದಲ್ಲಿ ಎರಡು ಮಾತು. ಬಂಕಿನಲ್ಲಿ ಬೀಟ್ ಪುಸ್ತಕಕ್ಕೆ ಸಹಿ ಹಾಕಿ ಹೋಗುವ ಪದ್ಧತಿ ಒಳ್ಳೆಯದು, ಆದರೆ ದಿನವೂ ಹನ್ನೊಂದೂವರೆಗೆ ಬಂದು, ದಿನವೂ ಅದೇ ಹೊತ್ತಿಗೆ ಹೊರಡುವ ಜೀಪು ಉಳಿದ ರಾತ್ರಿ ನಿನ್ನದೆಂದು ಕಳ್ಳನಿಗೆ ತಿಳಿಸಿ ಹೋದಂತೆ. ಹಾಗೆಯೇ ಗಣೇಶ ವಿಸರ್ಜನೆಯ ರಾತ್ರಿ, ನಾಯಕನಹಟ್ಟಿಯ ಜಾತ್ರೆ, ಯಾರೋ ದೊಡ್ಡವರು ಬರುವ ದಿನ, ಇಂಥ ಹೊತ್ತಿನಲ್ಲಿ ಸುತ್ತಲಿನ ಠಾಣೆಗಳ ಸಿಬ್ಬಂದಿಯೆಲ್ಲ ಬಂದೋಬಸ್ತಿಗೆ ಹೋಗಿ ಹೆದ್ದಾರಿ ಬರಿದಾಗುತ್ತದೆ. ಆ ದಿನಗಳಿಗೆ ಒಂದು ಜೀಪನ್ನಾದರೂ ಮೊದಲೇ ಬದಿಗಿಡಬೇಕು. ಇನ್ನು ಟೋಲ್‌ಗೇಟುಗಳಲ್ಲಿ ಫಾಸ್ಟ್‌ಟ್ಯಾಗಿನಿಂದ ಪ್ರತಿ ಕಾರು ಲಾರಿಯ ಲೆಕ್ಕ ಸಿಗುತ್ತದೆ, ನಿಜ. ಟೋಲ್ ಇಲ್ಲದ ಬೈಕು ಮಾತ್ರ ಪಕ್ಕದ ಸಣ್ಣ ದಾರಿಯಲ್ಲಿ ತೂರಿ ಹೋಗುತ್ತದೆ, ಮತ್ತು ಬಂಕು ಸುಲಿಯುವವನಿಗೆ ಬೈಕೇ ಅನುಕೂಲ, ಸರ್ವಿಸ್ ರಸ್ತೆಗೂ ಹೊಲದ ದಾರಿಗೂ ಇಳಿಯುತ್ತದೆ. ಆ ಸಣ್ಣ ದಾರಿಗೂ ಮುಖ ಮತ್ತು ನಂಬರ್ ಪ್ಲೇಟ್ ಕಾಣುವ ಕ್ಯಾಮೆರಾ ಹಾಕಿಸುವಂತೆ ತಾವು ಹೆದ್ದಾರಿ ಪ್ರಾಧಿಕಾರಕ್ಕೆ ಬರೆಯಬಹುದು.

ಇನ್ನೊಂದು ಮಾತು ಸ್ವಲ್ಪ ಕಹಿಯಾದದ್ದು. ಎಂಟು ತಿಂಗಳ ನಂತರ ಬೇರೊಂದು ಪ್ರಕರಣದಲ್ಲಿ ಆ ಮೂವರು ಸಿಕ್ಕರು. ಅವರಲ್ಲಿ ಒಬ್ಬ ಹಿಂದೆ ಇನ್ನೊಂದು ಬಂಕಿನಲ್ಲಿ ಕೆಲಸ ಮಾಡಿ ಬಿಟ್ಟವನು. ಚೀಲ ಎಷ್ಟು ಹೊತ್ತಿಗೆ ತುಂಬುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಕೆಲಸಕ್ಕೆ ತೆಗೆದುಕೊಳ್ಳುವಾಗ ಊರು, ವಿಳಾಸ, ಹಿಂದೆ ಎಲ್ಲಿ ದುಡಿದಿದ್ದ ಎಂಬುದನ್ನು ವಿಚಾರಿಸಿ ಪೊಲೀಸ್ ಪರಿಶೀಲನೆ ಮಾಡಿಸುವುದು ಮಾಲೀಕರಿಗೆ ತೊಂದರೆ ಎನಿಸಿದರೂ ಬಿಡಬಾರದು. ಆದರೆ ಅದೇ ಉಸಿರಿನಲ್ಲಿ ಇದನ್ನೂ ಹೇಳಬೇಕು: ಆ ಎಂಟು ತಿಂಗಳೂ ಸಂಶಯ ಇದ್ದದ್ದು ಕೈ ಮುರಿದುಕೊಂಡ ಹುಡುಗನ ಮೇಲೆಯೇ. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಅವನನ್ನು ನಾಲ್ಕು ಸಲ ಠಾಣೆಗೆ ಕರೆಸಿಕೊಂಡರು, ಪ್ರತಿ ಸಲವೂ ದಿನವಿಡೀ ಕೂರಿಸಿದರು, ಪ್ರತಿ ಸಲವೂ ಆ ದಿನದ ಕೂಲಿ ಹೋಯಿತು. ಒಳಗಿನವರ ಕೈವಾಡವಿದೆಯೇ ಎಂದು ನೋಡುವುದು ತನಿಖೆಯ ಭಾಗ, ಅದನ್ನು ಬೇಡವೆನ್ನಲಾರೆ. ಆದರೆ ಏಟು ತಿಂದವನು ಮೊದಲು ಸಾಕ್ಷಿ ಎಂಬಂತೆ ನಡೆಸಿಕೊಂಡರೆ ಅವನಿಗೆ ನೆನಪಿರುವುದನ್ನೆಲ್ಲ ಹೇಳುತ್ತಾನೆ. ಆರೋಪಿಯಂತೆ ನಡೆಸಿಕೊಂಡರೆ ತನಗೆ ಏನೂ ಕಾಣಲಿಲ್ಲ ಎನ್ನುತ್ತಾನೆ. ನಮ್ಮ ಹುಡುಗ ಎರಡನೇ ಸಲದಿಂದ ಹಾಗೆಯೇ ಹೇಳತೊಡಗಿದ.

ತೈಲ ಕಂಪನಿಗಳ ಅಧಿಕಾರಿಗಳು ಬಂಕಿಗೆ ಬಂದಾಗ ಎಣ್ಣೆಯ ಡೆನ್ಸಿಟಿ (ಸಾಂದ್ರತೆ) ನೋಡುತ್ತಾರೆ, ಅಳತೆ ನೋಡುತ್ತಾರೆ, ಶೌಚಾಲಯ ತೊಳೆದಿದೆಯೇ, ಕುಡಿಯುವ ನೀರಿದೆಯೇ, ಹುಡುಗರು ಸಮವಸ್ತ್ರ ಹಾಕಿದ್ದಾರೆಯೇ ಎಂದು ಗುರುತು ಹಾಕಿಕೊಳ್ಳುತ್ತಾರೆ. ಅದೇ ಹಾಳೆಯಲ್ಲಿ ಸೀಳು ತಿಜೋರಿ ಇದೆಯೇ, ತುರ್ತು ಗುಂಡಿ ಕೂಗುತ್ತದೆಯೇ, ರಾತ್ರಿ ಕನಿಷ್ಠ ಇಬ್ಬರು ಇರುತ್ತಾರೆಯೇ ಎಂಬ ಮೂರು ಸಾಲು ಸೇರಿಸಿದರೆ ನನ್ನಂಥವನು ಬರೆಯುವ ನೂರು ಪತ್ರಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ರಾತ್ರಿಯಿಡೀ ತೆರೆದಿಡಿ ಎಂದು ಬಂಕಿನವರನ್ನು ಒತ್ತಾಯಿಸುವವರು ರಾತ್ರಿಯ ಖರ್ಚಿನಲ್ಲೂ ಒಂದು ಪಾಲು ಹೊರುವುದು ನ್ಯಾಯ. ಮಾಲೀಕರು ನಗದಿಗೆ ವಿಮೆ ಮಾಡಿಸುವುದೂ ಒಳ್ಳೆಯದು. ಕೌಂಟರಿನಲ್ಲಿರುವ ಹಣ, ತಿಜೋರಿಯ ಹಣ, ದಾರಿಯಲ್ಲಿರುವ ಹಣ ಮೂರಕ್ಕೂ ಅನ್ವಯಿಸುತ್ತದೆಯೇ, ಕೀಲಿಯ ಬಗ್ಗೆ ಏನು ಷರತ್ತಿದೆ ಎಂದು ಓದಿ ಸಹಿ ಹಾಕಿ. ವಿಮೆ ಇದ್ದರೆ ಹುಡುಗನ ಸಂಬಳದ ಕಡೆ ಕಣ್ಣು ಹೋಗುವುದೂ ತಪ್ಪುತ್ತದೆ.

ಕೈ ಮುರಿದ ಆ ಹುಡುಗ ಬಂಕಿನ ಕೆಲಸಕ್ಕೆ ಮತ್ತೆ ಬರಲಿಲ್ಲ. ಈಗ ಚಳ್ಳಕೆರೆಯ ಕಡೆ ಒಂದು ಎಣ್ಣೆ ಮಿಲ್ಲಿನಲ್ಲಿದ್ದಾನೆ. ಎಡಗೈಯಲ್ಲಿ ಭಾರ ಎತ್ತಲು ಆಗುವುದಿಲ್ಲವೆಂದು ತೂಕದ ಚೀಟಿ ಬರೆಯುವ ಕೆಲಸ ಕೊಟ್ಟಿದ್ದಾರೆ. ಅವನ ಜಾಗಕ್ಕೆ ಬಂದವನು ಹತ್ತೊಂಬತ್ತು ವರ್ಷದವನು, ಮೊನ್ನೆ ಆ ದಾರಿಯಲ್ಲಿ ಹೋಗುವಾಗ ನೋಡಿದೆ, ಅದೇ ಚೀಲ ಹಾಕಿಕೊಂಡಿದ್ದಾನೆ.

ಮಾನ್ಯರು ಎರಡೂ ಜಿಲ್ಲೆಗಳ ಬಂಕ್ ಮಾಲೀಕರು, ಬ್ಯಾಂಕಿನವರು, ಕಂಪನಿಯವರನ್ನು ಸೇರಿಸಿ ಮುಂದಿನ ಸುಗ್ಗಿಗೆ ಮೊದಲು ಒಂದು ಸಭೆ ಕರೆಯಬೇಕೆಂದು ಕೋರುತ್ತೇನೆ. ಆ ಸಭೆಗೆ ಮಾಲೀಕರ ಜೊತೆ ರಾತ್ರಿ ಪಾಳಿಯಲ್ಲಿ ದುಡಿಯುವ ನಾಲ್ಕಾರು ಮಂದಿಯನ್ನೂ ಕರೆಸಿ. ದಯವಿಟ್ಟು ಸಭೆಯನ್ನು ಮಧ್ಯಾಹ್ನ ಮೂರರ ನಂತರ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಕರೆದರೆ ಅವರು ನಿದ್ದೆಯಲ್ಲಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಹೆದ್ದಾರಿ ಬದಿಯ ಬಂಕೊಂದರ ನಿವೃತ್ತ ಮ್ಯಾನೇಜರ್
ಚಿತ್ರದುರ್ಗ